ಮದ್ರಾಸನ್ನು ಅಳಿಸುವ ಮುನ್ನ

‘ಕಾಸರಗೋಡು, ದಕ್ಷಿಣ ಕನ್ನಡ, ಮದ್ರಾಸ್.’ 1950ರಲ್ಲಿ ಹುಟ್ಟಿದ ಒಂದು ಮಗುವಿನ ಹುಟ್ಟೂರನ್ನು ಗುಮಾಸ್ತರೊಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ. ಬರೆದದ್ದರಲ್ಲಿ ತಪ್ಪಿಲ್ಲ. ಆಗ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಮಗು ಬೆಳೆದು ಚೆನ್ನೈಯಲ್ಲಿ ಕೆಲಸ ಮಾಡಿ, ನಿವೃತ್ತಿಯಾಗಿ, ಈಗ ಅಲ್ಲೇ ಮಗನ ಮನೆಯಲ್ಲಿದೆ. ಹಳೆಯ ರಿಜಿಸ್ಟರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲ ಬಂತು. ಯಾವುದೋ ಕಚೇರಿಯ ಪ್ರೋಗ್ರಾಮರ್ ಒಬ್ಬ ಒಂದು ಸಾಲು ಬರೆದ: ಎಲ್ಲೆಲ್ಲಿ ‘ಮದ್ರಾಸ್’ ಇದೆಯೋ ಅಲ್ಲೆಲ್ಲ ‘ಚೆನ್ನೈ’ ಎಂದು ಮಾಡು. ಪರದೆಯ ಮೇಲೆ ಇಷ್ಟು ಸಾವಿರ ಸಾಲುಗಳು ಬದಲಾದವು ಎಂಬ ಒಂದು ಸಂದೇಶ ಬಂತು. ಚಂದ್ರಗಿರಿ ಹೊಳೆಯ ದಡದ ಮಗು ಕೂಮ್ ನದಿಯ ದಡದ್ದಾಯಿತು.

ಇದು ಊಹೆಯ ಪ್ರಸಂಗ. ಆದರೆ ಇದರ ಒಳಗಿರುವ ಒಂದೊಂದು ಭಾಗವೂ ನಿಜವಾದದ್ದು. ದಾಖಲೆಗಳ ಡೇಟಾಬೇಸಿನಲ್ಲಿ ಲಕ್ಷಗಟ್ಟಲೆ ಸಾಲುಗಳನ್ನು ಒಂದೇ ಆಜ್ಞೆಯಿಂದ ಬದಲಿಸುವ ಕೆಲಸ ದೇಶದ ಕಚೇರಿ, ಬ್ಯಾಂಕು, ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಲೇ ಇರುತ್ತದೆ. ಅದನ್ನು ತಾಂತ್ರಿಕ ಕೆಲಸವೆಂದು ತಿಳಿದು ಯಾರೂ ತಲೆಹಾಕುವುದಿಲ್ಲ. ಅದು ತಾಂತ್ರಿಕ ಕೆಲಸ ಹೌದು, ಆದರೆ ಭಾಷೆಯ ಕೆಲಸವೂ ಹೌದು, ಚರಿತ್ರೆಯ ಕೆಲಸವೂ ಹೌದು. ಆದ್ದರಿಂದ ದಾಖಲೆಯಲ್ಲಿ ಹಳೆಯದನ್ನು ಒರೆಸಿ ಹೊಸದನ್ನು ಬರೆಯುವುದು ಮೊದಲ ದಾರಿಯಾಗಬಾರದು, ಬೇರೆ ದಾರಿ ಇಲ್ಲದಾಗ ಹಿಡಿಯುವ ಕೊನೆಯ ದಾರಿಯಾಗಬೇಕು.

ಎಷ್ಟು ಮದ್ರಾಸುಗಳು?

‘ಮದ್ರಾಸ್’ ಎಂಬ ಒಂದು ಪದದೊಳಗೆ ಎಷ್ಟು ಊರುಗಳಿವೆ ಎಂದು ಎಣಿಸಿ ನೋಡಿದರೆ ಆ ಪ್ರೋಗ್ರಾಮರನ ಸಾಲು ಎಲ್ಲಿ ಎಡವಿತೆಂದು ಗೊತ್ತಾಗುತ್ತದೆ. ಒಂದು, 1996ರಲ್ಲಿ ಚೆನ್ನೈ ಎಂದು ಹೆಸರು ಬದಲಿಸಿಕೊಂಡ ನಗರ. ಎರಡು, ಬ್ರಿಟಿಷರ ಕಾಲದ ಪ್ರೆಸಿಡೆನ್ಸಿ. ಮೂರು, ಅದರ ಉತ್ತರಾಧಿಕಾರಿಯಾದ ರಾಜ್ಯ. ಬಳ್ಳಾರಿಯವರು 1953ರವರೆಗೆ ಈ ರಾಜ್ಯದವರು. ಮಂಗಳೂರು, ಉಡುಪಿ, ಕಾಸರಗೋಡಿನವರು 1956ರ ನವೆಂಬರ್ 1ರ ತನಕ ಈ ರಾಜ್ಯದವರು. ಅಂದು ಮಂಗಳೂರು ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಉಳಿದ ಮದ್ರಾಸ್ ರಾಜ್ಯ 1969ರಲ್ಲಿ ತಮಿಳುನಾಡು ಆಯಿತು. ನಾಲ್ಕು, ಹೆಸರು ಬದಲಿಸಿಕೊಳ್ಳದ ಸಂಸ್ಥೆಗಳು. ಮದ್ರಾಸ್ ಹೈಕೋರ್ಟು ಇಂದಿಗೂ ಮದ್ರಾಸ್ ಹೈಕೋರ್ಟೇ. 1857ರ ಮದ್ರಾಸ್ ವಿಶ್ವವಿದ್ಯಾಲಯ, 1959ರ ಐಐಟಿ ಮದ್ರಾಸ್, ಮದ್ರಾಸ್ ಮೆಡಿಕಲ್ ಕಾಲೇಜು, ಯಾವುದೂ ಚೆನ್ನೈ ಆಗಿಲ್ಲ. ಹೈಕೋರ್ಟುಗಳ ಹೆಸರು ಬದಲಿಸುವ ಮಸೂದೆಯೊಂದು 2016ರಲ್ಲಿ ಲೋಕಸಭೆಗೆ ಬಂದಿತ್ತು, ಕಾಯ್ದೆಯಾಗಲಿಲ್ಲ. ಇವೆಲ್ಲ ಸಾಲದೆಂಬಂತೆ ಕಣ್ಣು ಕೆಂಪಾಗಿ ನೀರು ಸುರಿಯುವ ಕಾಯಿಲೆಗೆ ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ‘ಮದ್ರಾಸ್ ಐ’ ಎಂದೇ ಹೆಸರು. ಆಸ್ಪತ್ರೆಯ ದಾಖಲೆಯ ಮೇಲೆ ಅದೇ ಆಜ್ಞೆ ಓಡಿದರೆ ವೈದ್ಯಲೋಕಕ್ಕೆ ಹೊಸದೊಂದು ರೋಗ ಸಿಗುತ್ತದೆ.

ಯಂತ್ರಕ್ಕೆ ಇವೆಲ್ಲ ಒಂದೇ ಅಕ್ಷರಗಳ ಸಾಲು. ವ್ಯತ್ಯಾಸ ಗೊತ್ತಿರುವುದು ಓದುವವರಿಗೆ. ಹಾಗಾಗಿ ಆಜ್ಞೆ ಬರೆಯುವವರು ಮೊದಲು ಓದುವವರಾಗಿರಬೇಕು.

ಕ್ರಿಯಾಪದ ಎಲ್ಲಿರಬೇಕು

ಡೇಟಾಬೇಸುಗಳ ಜೊತೆ ಮಾತಾಡುವ ಭಾಷೆಯ ಹೆಸರು ಎಸ್‌ಕ್ಯುಎಲ್. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳ ರೂಪದಲ್ಲಿ ನೋಡುವ ಸಿದ್ಧಾಂತ ಕೊಟ್ಟರು. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆ ಕಟ್ಟಿದರು. ಗಣಿತ ಬಾರದವರೂ ಇಂಗ್ಲಿಷ್ ವಾಕ್ಯದಂತೆ ಬರೆಯಲಿ ಎಂಬುದು ಅವರ ಆಸೆ. ಮೊದಲು ಇಟ್ಟ ಹೆಸರು ಸೀಕ್ವೆಲ್. ಆ ಹೆಸರಿನ ಟ್ರೇಡ್‌ಮಾರ್ಕ್ ಬ್ರಿಟನ್ನಿನ ವಿಮಾನ ಕಂಪನಿಯೊಂದರ ಬಳಿ ಇದ್ದುದರಿಂದ ಅದನ್ನು ಎಸ್‌ಕ್ಯುಎಲ್ ಎಂದು ಮೊಟಕು ಮಾಡಬೇಕಾಯಿತು. ಹೆಸರುಗಳನ್ನು ಬದಲಿಸುವ ಭಾಷೆಯೇ ಹೆಸರು ಬದಲಿಸಿಕೊಂಡು ಬಂದದ್ದು. ಇಂದಿಗೂ ಅನೇಕರ ಬಾಯಲ್ಲಿ ಅದು ಸೀಕ್ವೆಲ್ಲೇ. ಬಾಯಲ್ಲಿರುವ ಹೆಸರು ಒಂದು ಆಜ್ಞೆಗೆ ಬದಲಾಗುವುದಿಲ್ಲ.

ಇಂಗ್ಲಿಷನ್ನು ಮಾದರಿಯಾಗಿ ಇಟ್ಟುಕೊಂಡದ್ದರಿಂದ ಒಂದು ಅಪಾಯವೂ ಒಳಗೆ ಬಂತು. ಬದಲಿಸುವ ಆಜ್ಞೆಯಲ್ಲಿ ಮೊದಲು ಬರುವುದು ‘ಅಪ್‌ಡೇಟ್’, ಅಂದರೆ ಕ್ರಿಯಾಪದ. ಆಮೇಲೆ ಕೋಷ್ಟಕದ ಹೆಸರು. ಆಮೇಲೆ ‘ಸೆಟ್’, ಏನೆಂದು ಬದಲಿಸಬೇಕು. ಯಾವ ಸಾಲುಗಳನ್ನು ಎಂದು ಹೇಳುವ ‘ವೇರ್’ ಬರುವುದು ಕಟ್ಟಕಡೆಗೆ. ಅದು ಇಲ್ಲದಿದ್ದರೂ ವ್ಯಾಕರಣದ ಪ್ರಕಾರ ವಾಕ್ಯ ಪೂರ್ಣ. ‘ವೇರ್’ ಬರೆಯುವ ಮೊದಲೇ ಕೈತಪ್ಪಿ ಗುಂಡಿ ಒತ್ತಿದರೆ ಯಂತ್ರ ಅದನ್ನು ಅರ್ಧ ವಾಕ್ಯ ಎನ್ನುವುದಿಲ್ಲ. ಕೋಷ್ಟಕದಲ್ಲಿರುವ ಎಲ್ಲರಿಗೂ ಅನ್ವಯಿಸುತ್ತದೆ.

ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ: ‘ರಾಜ್ಯ ಕರ್ನಾಟಕವಾಗಿದ್ದು ಜಿಲ್ಲೆ ಬಿಜಾಪುರವಾಗಿರುವ ಸಾಲುಗಳಲ್ಲಿ ಜಿಲ್ಲೆಯ ಹೆಸರನ್ನು ವಿಜಯಪುರ ಎಂದು ಬದಲಿಸು.’ ಷರತ್ತು ಮೊದಲು, ಕ್ರಿಯಾಪದ ಕೊನೆಗೆ. ಯಾರನ್ನು ಎಂದು ಹೇಳಿ ಮುಗಿಸದೆ ಬದಲಿಸು ಎನ್ನುವ ಜಾಗಕ್ಕೆ ನಾಲಿಗೆ ತಲುಪುವುದೇ ಇಲ್ಲ. ತಮಿಳಿನದೂ ಇದೇ ಕ್ರಮ. ಚೆನ್ನೈಯ ಕಚೇರಿಗಳಲ್ಲಿ ಕೂತು ಈ ಆಜ್ಞೆ ಬರೆಯುವ ಬಹುಪಾಲು ಜನ ಮನೆಯಲ್ಲಿ ಮಾತಾಡುವುದು ಕ್ರಿಯಾಪದ ಕೊನೆಗೆ ಬರುವ ಭಾಷೆಯನ್ನೇ.

ಈ ಕಸುಬಿನಲ್ಲಿ ಪಳಗಿದವರು ತಿಳಿದೋ ತಿಳಿಯದೆಯೋ ಈ ಕ್ರಮಕ್ಕೇ ಮರಳುತ್ತಾರೆ. ಮೊದಲು ಷರತ್ತನ್ನಷ್ಟೇ ಬರೆದು, ಬದಲಿಸುವ ಬದಲು ‘ತೋರಿಸು’ ಎಂದು ಕೇಳುತ್ತಾರೆ. ಎಷ್ಟು ಸಾಲು ಬಂದವು? ನಿರೀಕ್ಷಿಸಿದ್ದು ಎಷ್ಟು? ನಡುನಡುವೆ ಐವತ್ತು ಸಾಲು ಎತ್ತಿ ಕಣ್ಣಾರೆ ಓದುತ್ತಾರೆ. ಲೆಕ್ಕ ಹೊಂದಿದ ಮೇಲೆ ಆ ಷರತ್ತಿನ ತಲೆಯ ಮೇಲೆ ಕ್ರಿಯಾಪದವನ್ನು ಕೂರಿಸುತ್ತಾರೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನಲ್ಲಿ ಷರತ್ತಿಲ್ಲದ ಬದಲಾವಣೆಯನ್ನು ತಡೆಯುವ ಒಂದು ಸುರಕ್ಷಾ ಕ್ರಮವಿದೆ; ‘ನಾನೊಬ್ಬ ದಡ್ಡ’ ಎಂಬರ್ಥದ ಇನ್ನೊಂದು ಹೆಸರನ್ನೂ ಅದಕ್ಕೆ ಕೊಟ್ಟಿದ್ದಾರೆ. ದಾಖಲೆಗಳ ಕಚೇರಿಯಲ್ಲಿ ಹಾಗೆ ಒಪ್ಪಿಕೊಂಡು ಕೂರುವವನೇ ಜಾಣ.

ಹನ್ನೆರಡು ಊರು, ಎರಡು ವಿಜಯಪುರ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರು ಬದಲಾಯಿತು. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಹುಬ್ಬಳ್ಳಿ, ಶಿವಮೊಗ್ಗ, ಬಳ್ಳಾರಿ, ಚಿಕ್ಕಮಗಳೂರು, ಹೊಸಪೇಟೆಗಳಿಗೆ ಇದು ಕೇವಲ ಇಂಗ್ಲಿಷ್ ಕಾಗುಣಿತದ ಮಾತು. ಕನ್ನಡದಲ್ಲಿ ಅವು ಮೊದಲೇ ಹಾಗಿದ್ದವು. ಬೆಳಗಾಂ ಬೆಳಗಾವಿಯಾಯಿತು. ಗುಲ್ಬರ್ಗ ಕಲಬುರಗಿಯಾಯಿತು. ಬಿಜಾಪುರ ವಿಜಯಪುರವಾಯಿತು. ಡೇಟಾಬೇಸಿನವರಿಗೆ ತಲೆನೋವು ಈ ಕೊನೆಯದು.

ಬಿಜಾಪುರ ಎಂಬ ಜಿಲ್ಲೆ ಛತ್ತೀಸಗಢದಲ್ಲೂ ಇದೆ. ದೇಶವ್ಯಾಪಿ ಬ್ಯಾಂಕೊಂದರ ಪಟ್ಟಿಯಲ್ಲಿ ರಾಜ್ಯವನ್ನು ಹೇಳದೆ ಬಿಜಾಪುರವನ್ನು ಬದಲಿಸಿದರೆ ಬಸ್ತರ್ ಕಾಡಿನ ಗ್ರಾಹಕರಿಗೂ ಆದಿಲ್‌ಶಾಹಿಗಳ ಊರಿನ ವಿಳಾಸ ಬರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ದೇವನಹಳ್ಳಿ ತಾಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣ ಮೊದಲಿನಿಂದಲೂ ಇದೆ. ಊರಿನ ಹೆಸರನ್ನು ಮಾತ್ರ ಇಟ್ಟುಕೊಂಡ ಕೋಷ್ಟಕದಲ್ಲಿ ಬಿಜಾಪುರವನ್ನು ವಿಜಯಪುರವಾಗಿಸಿದ ಕ್ಷಣ ಎರಡೂ ಒಂದರೊಳಗೊಂದು ಬೆರೆತವು. ತಪ್ಪು ತಿಳಿದು ವಾಪಸು ಮಾಡಲು ‘ವಿಜಯಪುರವೆಲ್ಲ ಬಿಜಾಪುರವಾಗಲಿ’ ಎಂದರೆ ದೇವನಹಳ್ಳಿ ಪಕ್ಕದವರೂ ಎದ್ದು ಉತ್ತರಕ್ಕೆ ಹೋಗುತ್ತಾರೆ. ಹಾಲಿಗೆ ನೀರು ಬೆರೆಸುವುದು ಸುಲಭ, ಬೇರೆ ಮಾಡಲು ಹಂಸವೇ ಬರಬೇಕು.

ಡೇಟಾಬೇಸಿನಲ್ಲಿ ‘ರೋಲ್‌ಬ್ಯಾಕ್’ ಎಂಬ ಆಜ್ಞೆ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದು ನಡೆಯುವುದು ‘ಕಮಿಟ್’ ಎನ್ನುವ ತನಕ. ಆಮೇಲೆ ಉಳಿಯುವುದು ಹಿಂದಿನ ರಾತ್ರಿಯ ಬ್ಯಾಕಪ್ ಮಾತ್ರ.

ಇದು ಬರೀ ಯಂತ್ರದ ಮಾತಲ್ಲ ಎಂಬುದಕ್ಕೆ ಚೆನ್ನೈಯಲ್ಲೇ ಒಂದು ಸಾಕ್ಷಿ ಇದೆ. 2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ 1,018 ಊರು, ಬಡಾವಣೆಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ಹೊಂದುವಂತೆ ಬದಲಿಸುವ ಆದೇಶವನ್ನು ಪ್ರಕಟಿಸಿತು. ಎಗ್ಮೋರು ಎಳುಂಬೂರಾಗಬೇಕು, ಟ್ಯುಟಿಕೋರಿನ್ ತೂತ್ತುಕ್ಕುಡಿಯಾಗಬೇಕು. ಉದ್ದೇಶ ನ್ಯಾಯವಾದದ್ದೇ, ಬ್ರಿಟಿಷರ ಬಾಯಲ್ಲಿ ತಿರುಚಿದ ಹೆಸರನ್ನು ಊರಿನವರ ಬಾಯಿಗೆ ಮರಳಿಸುವುದನ್ನು ಕನ್ನಡಿಗರೂ ಆರು ವರ್ಷ ಮೊದಲು ಮಾಡಿದ್ದರು. ಆದರೆ ವೆಲ್ಲೂರನ್ನು ವೀಲೂರು ಎಂದು ಓದಿಸುವಂಥ ಕಾಗುಣಿತಗಳು ಆ ಪಟ್ಟಿಯಲ್ಲಿದ್ದವು. ತಮಿಳು ಬಲ್ಲವರಿಂದಲೇ ಟೀಕೆ ಬಂತು, ಗೇಲಿಯೂ ಬಂತು. ಕೆಲವೇ ದಿನಗಳಲ್ಲಿ ಸರ್ಕಾರ ಆದೇಶವನ್ನು ಹಿಂಪಡೆಯಿತು. ಸಾವಿರದ ಹದಿನೆಂಟು ಸಾಲುಗಳ ಒಂದು ಅಪ್‌ಡೇಟು, ಆಮೇಲೊಂದು ರೋಲ್‌ಬ್ಯಾಕು. ಕಾಗದದ ಮೇಲಿನ ಆದೇಶವನ್ನು ಇನ್ನೊಂದು ಕಾಗದದಿಂದ ರದ್ದು ಮಾಡಬಹುದು. ಆ ನಡುವಿನ ದಿನಗಳಲ್ಲಿ ಯಾವುದಾದರೂ ಕಚೇರಿ ಉತ್ಸಾಹದಿಂದ ತನ್ನ ಕೋಷ್ಟಕಗಳನ್ನು ಒರೆಸಿ ಬರೆದಿದ್ದರೆ ಅದಕ್ಕೆ ಹಿಂದಿರುಗುವ ದಾರಿ ಇರುತ್ತಿತ್ತೇ ಎಂಬುದೇ ಪ್ರಶ್ನೆ.

ಕಂತಿನ ಶಿಸ್ತು

ಲಕ್ಷಗಟ್ಟಲೆ ಸಾಲುಗಳನ್ನು ಒಂದೇ ಏಟಿಗೆ ಬದಲಿಸಹೊರಟರೆ ಡೇಟಾಬೇಸು ಅಷ್ಟನ್ನೂ ಬೀಗ ಹಾಕಿ ಹಿಡಿದುಕೊಳ್ಳುತ್ತದೆ. ಕೌಂಟರಿನಲ್ಲಿ ಸಾಲು ನಿಂತವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಬ್ಯಾಚು, ಅಂದರೆ ಕಂತು. ಕ್ರಮಸಂಖ್ಯೆಯ ಪ್ರಕಾರ ಐದೈದು ಸಾವಿರ ಸಾಲುಗಳನ್ನು ಎತ್ತಿಕೊಂಡು, ಬದಲಿಸಿ, ಕಮಿಟ್ ಮಾಡಿ, ಎಲ್ಲಿಗೆ ನಿಂತೆವೆಂದು ಬರೆದಿಟ್ಟು, ಮುಂದಿನ ಕಂತಿಗೆ ಹೋಗುವುದು.

ಕಂತಿನ ಕೆಲಸ ನಡುವೆ ನಿಲ್ಲುತ್ತದೆ. ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಕಡಿದು ಬೀಳುತ್ತದೆ. ಮತ್ತೆ ಓಡಿಸಿದಾಗ ಆಗಲೇ ಬದಲಾದ ಸಾಲುಗಳಿಗೆ ಏನೂ ಆಗಬಾರದು. ‘ಹೊಸಪೇಟ್’ ಎಂಬ ಇಂಗ್ಲಿಷ್ ಕಾಗುಣಿತದ ಕೊನೆಗೆ ಒಂದು ‘ಇ’ ಸೇರಿಸು ಎಂದು ಬರೆದ ಆಜ್ಞೆ ಎರಡು ಸಲ ಓಡಿದರೆ ಎರಡು ‘ಇ’ಗಳು ಸೇರುತ್ತವೆ. ಹೊಸಪೇಟೆಯನ್ನೇ ಇನ್ನೊಂದು ಕಾರಣಕ್ಕೂ ನೆನೆಯಬೇಕು. ಯೂನಿಕೋಡಿನಲ್ಲಿ ‘ಹೊ’ ಅಕ್ಷರದ ಒಕಾರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ‘ಪೇ’ ಅಕ್ಷರದ ದೀರ್ಘಕ್ಕೂ ಹಾಗೆಯೇ ಎರಡು ದಾರಿ. ಕಣ್ಣಿಗೆ ಒಂದೇ ರೀತಿ ಕಾಣುವ ‘ಹೊಸಪೇಟೆ’ ಹೀಗೆ ನಾಲ್ಕು ರೂಪಗಳಲ್ಲಿ ಕೋಷ್ಟಕದೊಳಗೆ ಕೂತಿರಬಹುದು. ಒಂದು ರೂಪವನ್ನು ಹುಡುಕುವ ಷರತ್ತು ಉಳಿದ ಮೂರನ್ನು ಮುಟ್ಟದೆ ಬಿಟ್ಟುಹೋದೀತು. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಕನ್ನಡದ ದಾಖಲೆಗಳಿಗೆ ಐಚ್ಛಿಕವಲ್ಲ.

ಚೆನ್ನೈ ಮಹಾನಗರಪಾಲಿಕೆ 2011ರಲ್ಲಿ ಸುತ್ತಲಿನ 42 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಂಡು 174 ಚದರ ಕಿಲೋಮೀಟರಿನಿಂದ 426ಕ್ಕೆ ಬೆಳೆಯಿತು. 155 ವಾರ್ಡುಗಳಿದ್ದದ್ದು 200 ಆದವು. ಇಂಥ ಮರುಸಂಖ್ಯೆಯಲ್ಲಿ ಹಳೆಯ 5 ಹೊಸ 12 ಆಗಬೇಕು, ಹಳೆಯ 12 ಹೊಸ 40 ಆಗಬೇಕು ಎಂದಿಟ್ಟುಕೊಳ್ಳಿ. ಒಂದಾದ ಮೇಲೊಂದು ಆಜ್ಞೆ ಕೊಟ್ಟರೆ ಮೊದಲು 5ರವರು 12ಕ್ಕೆ ಬರುತ್ತಾರೆ, ಮರುಕ್ಷಣ ಮೂಲ 12ರವರ ಜೊತೆಯಲ್ಲೇ 40ಕ್ಕೆ ಹೋಗುತ್ತಾರೆ. ಹಳೆಯದು, ಹೊಸದು ಎಂಬ ಎರಡು ಕಾಲಮ್ಮುಗಳ ಪಟ್ಟಿ ಮಾಡಿ, ಅದರ ಜೊತೆ ಹೊಂದಿಸಿ, ಫಲವನ್ನು ಬೇರೆ ಕಾಲಮ್ಮಿನಲ್ಲಿ ಬರೆಯುವುದೇ ಸರಿಯಾದ ದಾರಿ. ಆ ದಾರಿಯಲ್ಲೂ ಒಂದು ಗುಂಡಿ ಇದೆ. ಹನ್ನೆರಡು ಊರುಗಳ ಪಟ್ಟಿ ಇಟ್ಟುಕೊಂಡು ‘ಹೊಸ ಹೆಸರನ್ನು ಪಟ್ಟಿಯಿಂದ ತಗೋ’ ಎಂದಷ್ಟೇ ಹೇಳಿದರೆ, ಪಟ್ಟಿಯಲ್ಲಿಲ್ಲದ ಕೋಲಾರಕ್ಕೂ ಮಂಡ್ಯಕ್ಕೂ ಹೊಸ ಹೆಸರು ಸಿಗದೆ ಅಲ್ಲಿ ಖಾಲಿ ಉಳಿಯುತ್ತದೆ. ಹೆಸರು ಬದಲಾದವರ ಗಲಾಟೆಯಲ್ಲಿ ಬದಲಾಗದವರ ಹೆಸರು ಹೋಗುತ್ತದೆ.

ಇನಿಶಿಯಲ್ಲಿನ ಗುಟ್ಟು

ಊರಿನ ಹೆಸರು ಕೆಟ್ಟರೆ ಸರ್ಕಾರ ಸರಿಪಡಿಸಬಹುದು. ಮನುಷ್ಯರ ಹೆಸರು ಕೆಟ್ಟರೆ ಆ ಮನುಷ್ಯನೇ ಓಡಾಡಬೇಕು. ಒಂದನೇ ಹೆಸರು, ಕೊನೆಯ ಹೆಸರು ಎಂಬ ಎರಡು ಪೆಟ್ಟಿಗೆಗಳಿರುವ ಹೊಸ ತಂತ್ರಾಂಶಕ್ಕೆ ಹಳೆಯ ಹೆಸರುಗಳನ್ನು ತುಂಬುವಾಗ ಖಾಲಿ ಜಾಗ ಕಂಡಲ್ಲಿ ಕತ್ತರಿಸುವುದು ಸುಲಭ. ಸುಲಭವಾದದ್ದರಿಂದಲೇ ಅದು ತಪ್ಪುತ್ತದೆ. ಚೆನ್ನೈಯ ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರ ಸ್ವಂತ ಹೆಸರು ಆನಂದ್, ವಿಶ್ವನಾಥನ್ ಅವರ ತಂದೆ. ಹೊರದೇಶದವರು ಮೊದಲ ಪದವೇ ಅವರ ಹೆಸರೆಂದು ತಿಳಿದು ಪ್ರೀತಿಯಿಂದ ‘ವಿಶಿ’ ಎಂದು ಕರೆದರು. ಆನಂದರು ನಕ್ಕು ಒಪ್ಪಿಕೊಂಡರು. ಪಿಂಚಣಿಯ ಕಚೇರಿ ಅಷ್ಟು ಸುಲಭವಾಗಿ ನಗುವುದಿಲ್ಲ.

ಕನ್ನಡದೊಳಗೇ ಒಂದು ನಿಯಮವಿಲ್ಲ. ಕೆ.ವಿ. ಪುಟ್ಟಪ್ಪ ಎಂಬಲ್ಲಿ ಕೆ ಎಂದರೆ ಕುಪ್ಪಳಿ, ಊರು; ವಿ ಎಂದರೆ ವೆಂಕಟಪ್ಪ, ತಂದೆ; ಕೊನೆಯದು ಸ್ವಂತ ಹೆಸರು. ದ.ರಾ. ಬೇಂದ್ರೆ ಎಂಬಲ್ಲಿ ದತ್ತಾತ್ರೇಯ ಸ್ವಂತ ಹೆಸರು, ರಾಮಚಂದ್ರ ತಂದೆ, ಕೊನೆಯದು ಮನೆತನ. ಎರಡೂ ಎರಡು ಇನಿಶಿಯಲ್ಲು ಮತ್ತು ಒಂದು ಪದ. ಯಂತ್ರಕ್ಕೆ ಎರಡೂ ಒಂದೇ ಆಕಾರ, ಒಳಗಿನ ಅರ್ಥ ತಿರುಗುಮುರುಗು. ಇನಿಶಿಯಲ್ಲೆಂದರೆ ತಂದೆಯ ಹೆಸರು ಎಂಬ ತಮಿಳುನಾಡಿನ ರೂಢಿಯನ್ನು ನಿಯಮವಾಗಿಸಿಕೊಂಡು ಚೆನ್ನೈಯ ಕಚೇರಿಯೊಂದು ಓಡಿಸುವ ಬ್ಯಾಚು, ಅಲ್ಲಿ ನೆಲೆಸಿದ ಹಳೇ ಮೈಸೂರಿನವರ ಊರನ್ನೇ ಅಪ್ಪನನ್ನಾಗಿ ಮಾಡಿಬಿಡುತ್ತದೆ. ಆಮೇಲೆ ಶುರುವಾಗುವುದು ಛಾಪಾ ಕಾಗದ, ನೋಟರಿ, ‘ಈ ಹೆಸರಿನವನೂ ಆ ಹೆಸರಿನವನೂ ಒಬ್ಬನೇ’ ಎಂಬ ಅಫಿಡವಿಟ್ಟು. ತಪ್ಪು ಮಾಡಿದ್ದು ಒಂದು ಸಾಲಿನ ಆಜ್ಞೆ. ತಾನು ತಾನೇ ಎಂದು ರುಜುವಾತು ಮಾಡಬೇಕಾದದ್ದು ಎಪ್ಪತ್ತೈದು ವರ್ಷದ ಮುದುಕರು. ಈ ಇಡೀ ವಿಷಯದಲ್ಲಿ ಅನ್ಯಾಯವೆಂದರೆ ಇದೇ: ಬದಲಿಸುವವರಿಗೆ ಖರ್ಚಿಲ್ಲ, ಬದಲಾದವರಿಗೆ ಖರ್ಚು.

ಅಂಚಿನಲ್ಲಿ ಬರೆಯಿರಿ

ಕಾಗದದ ರಿಜಿಸ್ಟರಿನ ಕಾಲದಲ್ಲಿ ಇದಕ್ಕೊಂದು ಪರಿಹಾರವಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮು ತಪ್ಪು ತಿದ್ದುವ ಕ್ರಮವನ್ನು ಹೇಳುತ್ತದೆ. ಮೂಲ ನಮೂದನ್ನು ಬದಲಿಸಕೂಡದು. ತಿದ್ದುಪಡಿಯನ್ನು ಅಂಚಿನಲ್ಲಿ ಬರೆಯಬೇಕು. ಅದಕ್ಕೆ ರಿಜಿಸ್ಟ್ರಾರ್ ಸಹಿ ಹಾಕಬೇಕು, ತಾರೀಖು ನಮೂದಿಸಬೇಕು. ಏನಿತ್ತು, ಏನಾಯಿತು, ಯಾರು ಮಾಡಿದರು, ಯಾವಾಗ ಎಂಬ ನಾಲ್ಕೂ ಒಂದೇ ಪುಟದಲ್ಲಿ ಉಳಿಯುತ್ತವೆ. ಜಮೀನಿನ ಪಹಣಿಯಲ್ಲಿ ಖಾತೆ ಬದಲಾದಾಗ ಮ್ಯುಟೇಷನ್ ರಿಜಿಸ್ಟರಿನಲ್ಲಿ ಕಾರಣ ಬರೆಯುವುದೂ ಇದೇ ತತ್ವಕ್ಕೆ.

ಎಸ್‌ಕ್ಯುಎಲ್‌ನ ಅಧಿಕೃತ ಮಾನಕ ಇಲ್ಲಿಗೆ ಬಂದು ತಲುಪಿದ್ದು 2011ರಲ್ಲಿ. ಪ್ರತಿ ಸಾಲಿಗೂ ಎರಡು ಬಗೆಯ ಕಾಲವನ್ನು ಇಡಬಹುದೆಂದು ಅದು ಒಪ್ಪಿತು. ಒಂದು, ಆ ಸಂಗತಿ ಲೋಕದಲ್ಲಿ ನಿಜವಾಗಿದ್ದ ಕಾಲ. ಇನ್ನೊಂದು, ಅದು ದಾಖಲೆಯಲ್ಲಿ ಇದ್ದ ಕಾಲ. ಈ ಭೇದ ಸಣ್ಣದಲ್ಲ. ‘ಚೆನೈ’ ಎಂದು ತಪ್ಪಾಗಿ ಟೈಪಾದದ್ದನ್ನು ‘ಚೆನ್ನೈ’ ಮಾಡುವುದು ತಿದ್ದುಪಡಿ. ಮೊದಲಿನದು ಎಂದೂ ನಿಜವಾಗಿರಲಿಲ್ಲ. ‘ಮದ್ರಾಸ್’ ಇದ್ದದ್ದು ‘ಚೆನ್ನೈ’ ಆಗುವುದು ಬದಲಾವಣೆ. 1996ರವರೆಗೆ ಮೊದಲಿನದೂ ನಿಜ. ಬರೀ ಒರೆಸಿ ಬರೆಯುವ ಆಜ್ಞೆಗೆ ಇವೆರಡರ ವ್ಯತ್ಯಾಸ ತಿಳಿಯದು. ಅದರ ಕಣ್ಣಿಗೆ ನಿನ್ನೆ ಎಂಬುದೆಲ್ಲ ತಪ್ಪೇ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಜಾಗ ಸಾಲದು, ವೇಗ ತಗ್ಗುತ್ತದೆ ಎಂಬುದು ಈಗ ಅಷ್ಟು ತೂಕದ್ದಲ್ಲ. ತೂಕದ ಆಕ್ಷೇಪ ಒಂದಿದೆ. ಎಲ್ಲ ಹಳೆಯ ಹೆಸರೂ ಉಳಿಯಲೇಬೇಕೇ? ಹುಟ್ಟಿದಾಗ ಕೊಟ್ಟ ಹೆಸರನ್ನೂ ಲಿಂಗವನ್ನೂ ತೊರೆದು ಬಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಹಳೆಯ ಹೆಸರು ಕೌಂಟರಿನ ಪರದೆಯ ಮೇಲೆ ಮೂಡುವುದೆಂದರೆ ಎಲ್ಲರೆದುರು ಅವಮಾನ. 2019ರ ಕಾಯ್ದೆ ಅವರಿಗೆ ದಾಖಲೆ ಬದಲಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಇಲ್ಲಿ ಇತಿಹಾಸ ಮುಖ್ಯ ಎಂದು ಉಪದೇಶ ಮಾಡುವುದು ಕ್ರೌರ್ಯ. ಆದರೆ ಉಳಿಸುವುದು ಬೇರೆ, ತೋರಿಸುವುದು ಬೇರೆ. ಹಳೆಯ ನಮೂದು ಬೀಗದೊಳಗೆ ಇರಬಹುದು; ಅದನ್ನು ಯಾರು, ಯಾವ ಕಾರಣಕ್ಕೆ ತೆರೆದರು ಎಂಬುದೂ ದಾಖಲಾಗಬಹುದು. ಕೌಂಟರಿನವರಿಗೂ ಪ್ರಮಾಣಪತ್ರಕ್ಕೂ ಈಗಿನ ಹೆಸರಷ್ಟೇ ಸಾಕು. ತನ್ನ ಹೆಸರನ್ನು ತಾನೇ ಬದಲಿಸಿಕೊಂಡವರ ಇಚ್ಛೆಗೂ, ಕೇಳದೆಯೇ ಹೆಸರು ಬದಲಾದವರ ಪಾಡಿಗೂ ಒಂದೇ ನಿಯಮ ಸಲ್ಲದು. ಆ ಭೇದವನ್ನು ಬರೆದಿಡಲು ಜಾಗವಿಲ್ಲದ ಕೋಷ್ಟಕವೇ ತಪ್ಪು ಕೋಷ್ಟಕ.

ಬೇಡಿಕೆ ದೊಡ್ಡದೇನಲ್ಲ. ಸಾರ್ವಜನಿಕರ ದಾಖಲೆಯನ್ನು ಸಗಟಾಗಿ ಬದಲಿಸುವ ಯಾವುದೇ ಆಜ್ಞೆಗೆ ಮೊದಲು ಷರತ್ತನ್ನು ಇನ್ನೊಬ್ಬರು ಓದಲಿ. ಆ ಇನ್ನೊಬ್ಬರು ಕಂಪ್ಯೂಟರ್ ಬಲ್ಲವರಲ್ಲದೆ ಆ ಊರು, ಆ ಭಾಷೆ ಬಲ್ಲವರಾಗಿರಲಿ. ಹಳೆಯದು ಅಂಚಿನಲ್ಲಿ ಉಳಿಯಲಿ. ಬದಲಾದವರಿಗೆ ಬದಲಾಗಿದೆ ಎಂದು ಒಂದು ಸಂದೇಶ ಹೋಗಲಿ. ತಪ್ಪಾಗಿದ್ದರೆ ಸರಿಪಡಿಸುವ ಖರ್ಚನ್ನು ಆಜ್ಞೆ ಓಡಿಸಿದ ಕಚೇರಿಯೇ ಹೊರಲಿ.

ಹಾಗೆ ಮಾಡಿದರೆ ಆ 1950ರ ಸಾಲು ಹೀಗಿರುತ್ತದೆ. ಹುಟ್ಟಿದ ದಿನ: ಕಾಸರಗೋಡು, ದಕ್ಷಿಣ ಕನ್ನಡ, ಮದ್ರಾಸ್ ರಾಜ್ಯ. 1956ರ ನವೆಂಬರ್ 1ರಿಂದ ಅದೇ ಊರು: ಕಾಸರಗೋಡು, ಕೇರಳ. ಈಗಿನ ವಾಸ: ಚೆನ್ನೈ. ಎರಡೂ ರಾಜ್ಯಗಳು ಸಾಲಿನಲ್ಲಿವೆ, ಒಂದೂ ಸುಳ್ಳಲ್ಲ. ಆ ಹಿರಿಯರು ಕೌಂಟರಿನೆದುರು ನಿಂತಾಗ ‘ಎಲ್ಲಿ ಹುಟ್ಟಿದ್ದು?’ ಎಂಬ ಪ್ರಶ್ನೆಗೆ ಅವರ ಬಾಯಿಂದ ಬರುವ ಉತ್ತರವೂ ಪರದೆಯ ಮೇಲಿರುವ ಉತ್ತರವೂ ಒಂದೇ ಆಗಿರುತ್ತದೆ.